ಉಲ್ಟಾ ಹೀರೋ ಸ್ಪರ್ಧೆ: ಕಪ್ಪು ಬಣ್ಣ ಬಳಿದರೆ ಸಾಲದು

ಗೆರೆಗಾರ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದ ಸ್ಪರ್ಧೆ ಇದು. ಇವತ್ತು ಶುರು ಮಾಡೋಣ. ನಿಮಗೆ ತುಂಬಾ ಇಷ್ಟವಾದ ಒಂದು ವಿಡಿಯೋ ಗೇಮ್ ಹೀರೋನನ್ನು ಆರಿಸಿಕೊಳ್ಳಿ. ಆ ಹೀರೋ ಒಳ್ಳೆಯ ದಾರಿ ಬಿಟ್ಟಿದ್ದರೆ ಹೇಗಿರುತ್ತಿದ್ದ, ಏನು ಮಾಡುತ್ತಿದ್ದ ಅಂತ ಡಿಸೈನ್ ಮಾಡಿ. ಚಿತ್ರ ಬರೆಯಲು ಬಾರದವರು ಬರೀ ಮಾತಿನಲ್ಲೇ ವಿವರಿಸಬಹುದು, ಅದಕ್ಕೂ ಅಷ್ಟೇ ಬೆಲೆ.

ಕಳೆದ ಸಲ ಇಂಥದ್ದೇ ಒಂದು ಪ್ರಯತ್ನ ಮಾಡಿದ್ದೆವು, ನೆನಪಿದೆಯಾ? ಬಂದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇದ್ದವು. ಬಟ್ಟೆಗೆ ಕಪ್ಪು, ಕಣ್ಣಿಗೆ ಕೆಂಪು, ಭುಜದ ಮೇಲೆ ಎರಡು ಮುಳ್ಳು, ಬಾಯಲ್ಲಿ ಒಂದು ವಕ್ರ ನಗು. ಗೆರೆಗಳು ಚೆನ್ನಾಗಿಯೇ ಇದ್ದವು. ಆದರೆ ಹೆಸರು ಮುಚ್ಚಿ ನೋಡಿದರೆ ಯಾವುದು ಯಾವ ಹೀರೋ ಅಂತ ಗೊತ್ತಾಗುತ್ತಿರಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ.

ಉಲ್ಟಾ ಹೀರೋ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ವಾರಿಯೋ, ಅಲ್ವಾ? 1992ರಲ್ಲಿ ಗೇಮ್ ಬಾಯ್‌ಗೆ ಬಂದ 'ಸೂಪರ್ ಮಾರಿಯೋ ಲ್ಯಾಂಡ್ 2'ರಲ್ಲಿ ಅವನು ಮೊದಲು ಕಾಣಿಸಿಕೊಂಡ. ಮಾರಿಯೋನ ಟೋಪಿಯಲ್ಲಿರುವ ಎಂ ಅಕ್ಷರವನ್ನು ತಲೆಕೆಳಗು ಮಾಡಿದರೆ ಡಬ್ಲ್ಯೂ. ಜಪಾನಿ ಭಾಷೆಯಲ್ಲಿ ಕೆಟ್ಟದ್ದಕ್ಕೆ 'ವಾರುಯಿ' ಅನ್ನುತ್ತಾರೆ, ಅದನ್ನೂ ಮಾರಿಯೋನನ್ನೂ ಸೇರಿಸಿ ಹೆಸರಿಟ್ಟರು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ವಾರಿಯೋ ಇಷ್ಟು ವರ್ಷ ಬಾಳಿದ್ದು ಅಕ್ಷರ ತಿರುಗಿಸಿದ್ದರಿಂದ ಅಲ್ಲ. ನಾಣ್ಯ ನೋಡಿ, ನಾಣ್ಯ. ಮಾರಿಯೋನೂ ನಾಣ್ಯ ಆಯುತ್ತಾನೆ, ನೂರು ಸೇರಿದರೆ ಒಂದು ಜೀವ ಸಿಗುತ್ತದೆ, ಅಷ್ಟೇ; ಅವನಿಗೆ ಅದು ದಾರಿಯಲ್ಲಿ ಸಿಕ್ಕಿದ್ದು. ವಾರಿಯೋಗೆ ನಾಣ್ಯವೇ ದಾರಿ. 1994ರ 'ವಾರಿಯೋ ಲ್ಯಾಂಡ್' ಮುಗಿಸಿದಾಗ ಅವನಿಗೆ ಎಂಥಾ ಮನೆ ಸಿಗುತ್ತದೆ ಅನ್ನುವುದು ನೀವು ಎಷ್ಟು ಹಣ ಕೂಡಿಹಾಕಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಅದೇ ನಾಣ್ಯ, ಅದೇ ಕೈ. ಕೈಯ ಹಿಂದಿನ ಆಸೆ ಮಾತ್ರ ಬೇರೆ.

ಹಾಗಾಗಿ ಈ ಸಲ ನಾಲ್ಕು ಷರತ್ತು. ಮೊದಲನೆಯದು, ಹೀರೋನ ಅತಿ ಒಳ್ಳೆಯ ಗುಣ ಒಂದನ್ನು ಹಾಗೇ ಉಳಿಸಿಕೊಳ್ಳಬೇಕು, ಅದೇ ಗುಣದಿಂದಲೇ ಅವನು ಕೆಡಬೇಕು. ಎರಡನೆಯದು, ಬರೀ ನೆರಳಿನ ಆಕಾರ ನೋಡಿದರೂ ಇವನು ಯಾರು, ಏನು ಬದಲಾಗಿದೆ ಅಂತ ತಿಳಿಯಬೇಕು. ಮೂರನೆಯದು, ಆಟದೊಳಗೆ ಅವನು ಮಾಡುವ ಒಂದು ಕೆಲಸ ಹೇಳಬೇಕು: ಬಟನ್ ಒತ್ತಿದರೆ ಏನಾಗುತ್ತದೆ? ನಾಲ್ಕನೆಯದು, ತಾನು ಮಾಡುವುದು ಯಾಕೆ ಸರಿ ಅಂತ ಅವನೇ ಮೂರು ಸಾಲಿನಲ್ಲಿ ಹೇಳಬೇಕು. ನಾನು ಕೆಟ್ಟವನು ಅಂತ ಯಾರೂ ತಮ್ಮ ಬಗ್ಗೆ ಹೇಳಿಕೊಳ್ಳುವುದಿಲ್ಲ, ಅದು ನೆನಪಿರಲಿ.

ಹದಿನೈದು ದಿನ ಸಮಯ. ಬೇರೆಯವರ ಚಿತ್ರದ ಮೇಲೆ ಗೆರೆ ಎಳೆದು ಕಳಿಸಬೇಡಿ.

ಹಳೇ ಕಾರ್ಟ್ರಿಜ್:

ಒಳ್ಳೆಯ ಷರತ್ತುಗಳು. ವಾರಿಯೋ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಮಾರಿಯೋನನ್ನು ಉಲ್ಟಾ ಮಾಡಿದ್ದು ವಾರಿಯೋ ಬರುವ ಹತ್ತು ವರ್ಷ ಮೊದಲೇ. 1982ರ 'ಡಾಂಕಿ ಕಾಂಗ್ ಜೂನಿಯರ್' ಆಡಿದವರಿಗೆ ಗೊತ್ತಿರುತ್ತದೆ. ಹಿಂದಿನ ವರ್ಷದ ಆಟದಲ್ಲಿ ಗೊರಿಲ್ಲಾ ಹುಡುಗಿಯನ್ನು ಎತ್ತಿಕೊಂಡು ಹೋಗಿತ್ತು, ಮಾರಿಯೋ ಏಣಿ ಹತ್ತಿ ಬಿಡಿಸಿದ. ಇದರಲ್ಲಿ ಮಾರಿಯೋನೇ ಗೊರಿಲ್ಲಾವನ್ನು ಬೋನಿಗೆ ಹಾಕಿದ್ದಾನೆ. ನೀವು ಅದರ ಮರಿ. ಬಳ್ಳಿ ಹಿಡಿದು ಹತ್ತಿ ಅಪ್ಪನನ್ನು ಬಿಡಿಸಬೇಕು. ಮಾರಿಯೋ ನಿಮ್ಮ ಮೇಲೆ ಪ್ರಾಣಿಗಳನ್ನು ಬಿಡುತ್ತಾನೆ.

ಅವನಿಗೆ ಕೆಂಪು ಕಣ್ಣು ಬರೆದಿಲ್ಲ. ಮುಳ್ಳು ಅಂಟಿಸಿಲ್ಲ. ಅದೇ ಮೀಸೆ, ಅದೇ ಟೋಪಿ. ಬದಲಾದದ್ದು ನಾವು ನಿಂತಿರುವ ಜಾಗ ಮಾತ್ರ. ಚಿಕ್ಕವನಿದ್ದಾಗ ಇದನ್ನು ಆಡಿ ನಿಜಕ್ಕೂ ಗೊಂದಲ ಆಗಿತ್ತು. ಪರದೆಯ ಮೇಲೆ ನನಗೆ ಗೊತ್ತಿರುವ ಮನುಷ್ಯ ನಿಂತಿದ್ದಾನೆ, ಆದರೆ ಅವನನ್ನು ಕಂಡರೆ ಹೆದರಿಕೆ.

ನನ್ನ ಪ್ರಶ್ನೆ ಇದು. ಹೀರೋನನ್ನು ಒಂದಿಷ್ಟೂ ಬದಲಿಸದೆ, ಅವನಿಂದ ಪೆಟ್ಟು ತಿಂದವರ ಕಣ್ಣಿನಿಂದ ತೋರಿಸಿದರೆ ಅದು ಸ್ಪರ್ಧೆಗೆ ಲೆಕ್ಕಕ್ಕೆ ಬರುತ್ತದಾ?

ಗೆರೆಗಾರ:

ಬರುತ್ತದೆ, ಖಂಡಿತ. ಆದರೆ ಪೆಟ್ಟು ತಿಂದವರನ್ನಾದರೂ ನೀವು ಡಿಸೈನ್ ಮಾಡಬೇಕು. ಸುಮ್ನೆ ಹಳೆಯ ಚಿತ್ರ ಹಾಕಿ 'ಇವನೇ ಕೆಟ್ಟವನು' ಅಂದರೆ ಆಗುವುದಿಲ್ಲ.

ಕಥೆಪೆಟ್ಟಿಗೆ:

ಒಳ್ಳೆಯ ಗುಣದಿಂದಲೇ ಕೆಡಬೇಕು ಅಂದಿರಲ್ಲ, ಅದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಆರ್ಥಸ್. 2002ರ 'ವಾರ್‌ಕ್ರಾಫ್ಟ್ 3'. ರಾಜಕುಮಾರ, ಧರ್ಮಯೋಧ, ತನ್ನ ಜನ ಅಂದರೆ ಜೀವ. ಸ್ಟ್ರಾಥೋಮ್ ಅನ್ನುವ ಊರಿಗೆ ಬರುವ ಹೊತ್ತಿಗೆ ರೋಗದ ಧಾನ್ಯ ಆಗಲೇ ಹಂಚಿ ಆಗಿದೆ. ಅದನ್ನು ತಿಂದವರು ಇನ್ನು ಸ್ವಲ್ಪ ಹೊತ್ತಿಗೆ ಸತ್ತು ಎದ್ದು ಬರುತ್ತಾರೆ. ಆರ್ಥಸ್ ಊರಿಗೆ ಊರನ್ನೇ ಕೊಲ್ಲಬೇಕು ಅನ್ನುತ್ತಾನೆ. ಗುರು ಉಥರ್ ಒಪ್ಪುವುದಿಲ್ಲ, ಗೆಳತಿ ಜೈನಾ ಮುಖ ತಿರುಗಿಸಿ ಹೊರಟುಹೋಗುತ್ತಾಳೆ. ಉಳಿಯುವುದು ಅವನು ಮತ್ತು ನೀವು. ಮುಂದಿನ ಮಿಷನ್‌ನಲ್ಲಿ ಮೌಸ್ ಹಿಡಿದು ಮನೆಮನೆ ಮೇಲೆ ಕ್ಲಿಕ್ ಮಾಡುವವರು ನೀವೇ. ಬಾಗಿಲು ಮುರಿದು ಒಳಗಿದ್ದವರು ಹೊರಗೆ ಓಡಿ ಬರುತ್ತಾರೆ.

ಇದರಲ್ಲಿ ಒಂದು ಹೆಜ್ಜೆಯೂ ಸುಮ್ಮನೆ ಇಟ್ಟದ್ದಲ್ಲ, ನೋಡಿ. ಊರು ಕೊಂದದ್ದು ಉಳಿದ ಊರುಗಳನ್ನು ಉಳಿಸಲು. ಸೈನಿಕರು ವಾಪಸ್ ಹೋಗದಂತೆ ಹಡಗು ಸುಡಿಸಿದ್ದು ಶತ್ರುವನ್ನು ಮುಗಿಸಲು. ಫ್ರಾಸ್ಟ್‌ಮೋರ್ನ್ ಅನ್ನುವ ಶಾಪದ ಕತ್ತಿ ಹಿಡಿದದ್ದೂ ಜನರಿಗಾಗಿಯೇ. ಕೊನೆಗೆ ಅದೇ ಕತ್ತಿಯಿಂದ ಅಪ್ಪನನ್ನು ಕೊಲ್ಲುತ್ತಾನೆ. ಹಾಲಿಗೆ ಒಂದೊಂದೇ ಹನಿ ಹುಳಿ ಬಿದ್ದ ಹಾಗೆ. ಯಾವ ಹನಿಗೆ ಹಾಲು ಒಡೆಯಿತು ಅಂತ ತೋರಿಸಿ ಅಂದರೆ ನನಗೆ ಆಗುವುದಿಲ್ಲ, ಪ್ರತಿ ಸಲ ಆಡಿದಾಗಲೂ ಬೇರೆ ಬೇರೆ ಜಾಗ ಅನಿಸುತ್ತದೆ.

ಆದರೆ ಒಂದು ಬೇಡಿಕೆ ಇದೆ. 'ಪ್ರೀತಿಸಿದವರು ಸತ್ತರು, ಅದಕ್ಕೆ ಕೆಟ್ಟವನಾದ' ಅನ್ನುವ ಕಾರಣವನ್ನು ಈ ಸ್ಪರ್ಧೆಯಲ್ಲಿ ಬಿಡೋಣವಾ? 2013ರ 'ಇನ್‌ಜಸ್ಟಿಸ್' ಆಟದಲ್ಲಿ ಜೋಕರ್‌ನ ಮೋಸಕ್ಕೆ ಸಿಕ್ಕಿ ಸೂಪರ್‌ಮ್ಯಾನ್ ತನ್ನ ಹೆಂಡತಿ ಲೋಯಿಸ್‌ಳನ್ನೇ ಕೊಲ್ಲುತ್ತಾನೆ, ಊರು ಬೂದಿಯಾಗುತ್ತದೆ, ಆಮೇಲೆ ಅವನು ಸರ್ವಾಧಿಕಾರಿ. ಅದು ಚೆನ್ನಾಗಿದೆ, ಆದರೆ ಒಮ್ಮೆ ಮಾಡಿ ಆಗಿದೆ. ಅದನ್ನೇ ಎಲ್ಲರೂ ಮಾಡಿದರೆ ಮತ್ತೆ ಎಲ್ಲ ಹೀರೋಗಳೂ ಒಂದೇ ಆಗುತ್ತಾರೆ, ಬಣ್ಣದ ಬದಲು ಕಣ್ಣೀರಿನಿಂದ.

ನೆರಳುಬೆಳಕು:

ಬಿಡಬೇಕು ಅನ್ನುವುದು ಜಾಸ್ತಿ ಆಯಿತು ಅನಿಸುತ್ತದೆ. ದುಃಖದಿಂದ ಮನುಷ್ಯ ಬದಲಾಗುವುದು ಸುಳ್ಳಲ್ಲ. ಆದರೆ ಸಾವು ಒಂದೇ ಸಾಲಿನಲ್ಲಿ ಬಂದು ಹೋಗಬಾರದು, ಅಷ್ಟೇ. ಸತ್ತವರು ಯಾರು, ಅವರಿಲ್ಲದೆ ಇವನ ದಿನದಲ್ಲಿ ಏನು ಬದಲಾಯಿತು, ಅದನ್ನಾದರೂ ತೋರಿಸಬೇಕು.

ಗೆರೆಗಾರ:

ನೆರಳುಬೆಳಕು ಹೇಳಿದ್ದನ್ನೇ ಇಟ್ಟುಕೊಳ್ಳೋಣ. ಸಾವು ಬರಬಹುದು, ಆದರೆ ಅದೊಂದೇ ಕಾರಣ ಆಗಬಾರದು.

ಕಂಟ್ರೋಲರ್ ಕೈ:

ನಾನು ಮೂರನೇ ಷರತ್ತಿನ ಬಗ್ಗೆ ಮಾತಾಡುತ್ತೇನೆ, ಯಾಕೆಂದರೆ ಎಲ್ಲರೂ ಅದನ್ನೇ ಕೊನೆಗೆ ಬಿಡುತ್ತಾರೆ. ಚಿತ್ರ ಬರೆದು ಕಥೆ ಬರೆದು ಕೊನೆಯಲ್ಲಿ 'ಇವನು ಕಪ್ಪು ಬೆಂಕಿ ಎಸೆಯುತ್ತಾನೆ' ಅಂತ ಒಂದು ಸಾಲು ಸೇರಿಸುತ್ತಾರೆ. ಆಟದ ಹೀರೋ ಅಂದರೆ ಅವನು ಮಾಡುವ ಕೆಲಸ. ಉಲ್ಟಾ ಆಗಬೇಕಾದದ್ದೂ ಆ ಕೆಲಸವೇ.

1989ರ 'ಪ್ರಿನ್ಸ್ ಆಫ್ ಪರ್ಷಿಯಾ'ದ ನೆರಳಿನ ಮನುಷ್ಯನನ್ನು ನೋಡಿ. ಅದು ಹುಟ್ಟಿದ ಕಥೆಯೇ ಚಂದ. ಜೋರ್ಡಾನ್ ಮೆಕ್ನರ್ ಅದನ್ನು ಆಪಲ್ ಟು ಕಂಪ್ಯೂಟರ್‌ಗೆ ಬರೆಯುತ್ತಿದ್ದರು. ರಾಜಕುಮಾರನ ಓಟ, ಜಿಗಿತದ ಚಿತ್ರಗಳಲ್ಲೇ ಮೆಮೊರಿ ತುಂಬಿಹೋಗಿತ್ತು. ಹೊಸ ಶತ್ರು ಬರೆಯಲು ಜಾಗವೇ ಇರಲಿಲ್ಲ. ಆಗ ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಪಕ್ಕಕ್ಕೆ ಸರಿಸಿ, ಎಕ್ಸಾರ್ ಅನ್ನುವ ಕಂಪ್ಯೂಟರ್ ಲೆಕ್ಕದಲ್ಲಿ ಅದರ ಮೇಲೆ ಅದನ್ನೇ ಕೂರಿಸಿದರು. ಎರಡರಲ್ಲೂ ಒಂದೇ ಇದ್ದ ಜಾಗ ಅಳಿಸಿಹೋಯಿತು, ಬೇರೆ ಇದ್ದ ಅಂಚು ಮಾತ್ರ ಹೊಳೆಯಿತು. ಹೊಸದೊಂದು ಚಿತ್ರ ಬರೆಯದೆ ದೆವ್ವದಂಥ ರಾಜಕುಮಾರ ಸಿಕ್ಕಿದ.

ಆಟದಲ್ಲಿ ದಾರಿಗೆ ಅಡ್ಡ ಒಂದು ಕನ್ನಡಿ ಬರುತ್ತದೆ. ಓಡಿ ಬಂದು ಅದರೊಳಗೆ ಜಿಗಿದರೆ ನೀವು ಈ ಕಡೆ ಬೀಳುತ್ತೀರಿ, ಇನ್ನೊಬ್ಬ ಆ ಕಡೆ ಓಡುತ್ತಾನೆ. ಮುಂದೆ ನೀವು ಕುಡಿಯಬೇಕಿದ್ದ ಔಷಧಿಯನ್ನು ಅವನು ಬಂದು ಕುಡಿಯುತ್ತಾನೆ. ಇನ್ನೊಂದು ಕಡೆ ನೀವು ಜಿಗಿಯುವ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುತ್ತಾನೆ. ಕೊನೆಗೆ ಕತ್ತಿ ಹಿಡಿದು ಎದುರು ನಿಲ್ಲುತ್ತಾನೆ. ನೀವು ಅವನಿಗೆ ಹೊಡೆದರೆ ನಿಮ್ಮ ಜೀವವೇ ಒಂದು ಕಡಿಮೆಯಾಗುತ್ತದೆ! ದಾರಿ ಒಂದೇ: ಕತ್ತಿ ಒರೆಗೆ ಹಾಕಿ ಅವನ ಕಡೆ ನಡೆಯಬೇಕು. ಇಬ್ಬರೂ ಒಂದಾಗುತ್ತಾರೆ. ಒಂದು ಮಾತಿಲ್ಲ, ಒಂದು ಸಂಭಾಷಣೆ ಇಲ್ಲ. ನನಗೆ ಇದನ್ನು ಕಂಡುಹಿಡಿಯಲು ಬಹಳ ದಿನ ಹಿಡಿಯಿತು. ಕಂಡುಹಿಡಿದ ದಿನ ಕುರ್ಚಿಯಿಂದ ಎದ್ದು ನಿಂತಿದ್ದೆ.

2002ರ 'ಮೆಟ್ರಾಯ್ಡ್ ಫ್ಯೂಷನ್' ಇನ್ನೊಂದು ಥರ. ಹೀರೋಯಿನ್ ಸ್ಯಾಮಸ್‌ಳ ಕವಚದಿಂದಲೇ ಹುಟ್ಟಿದ ನಕಲು ಅದು, ಹೆಸರು ಎಸ್‌ಎ-ಎಕ್ಸ್. ಅದರ ಹತ್ತಿರ ಅವಳ ಹಳೆಯ ಶಕ್ತಿ ಎಲ್ಲ ಇದೆ. ನಿಮ್ಮ ಹತ್ತಿರ ಹೆಚ್ಚುಕಡಿಮೆ ಏನೂ ಇಲ್ಲ. ಮೇಲಾಗಿ ಈಗ ನಿಮ್ಮ ಮೈ ಚಳಿ ತಾಳುವುದಿಲ್ಲ, ಅದರ ಹತ್ತಿರ ಹೆಪ್ಪುಗಟ್ಟಿಸುವ ಐಸ್ ಬೀಮ್ ಇದೆ. ಹೆಜ್ಜೆ ಸದ್ದು ಕೇಳಿದರೆ ಅಡಗಿಕೊಳ್ಳಬೇಕು, ಅಷ್ಟೇ. ಇಷ್ಟು ವರ್ಷ ನನ್ನ ಎದುರಿಗೆ ಬಂದ ಪ್ರಾಣಿಗಳಿಗೆ ನಾನು ಹೇಗೆ ಕಂಡಿದ್ದೆ ಅನ್ನುವುದು ಆ ಕೋಣೆಯಲ್ಲಿ ಗೊತ್ತಾಯಿತು.

ಹೀಗೆ ಯೋಚಿಸಿ. ಹೀರೋ ಏನು ಮಾಡುತ್ತಾನೆ ಅಂತ ಮೊದಲು ಬರೆದುಕೊಳ್ಳಿ, ಬಣ್ಣದ ಪೆಟ್ಟಿಗೆ ಆಮೇಲೆ ತೆಗೆಯಿರಿ.

ಮೊದಲ ಸಲ:

ನಾನು ಇಂಥ ಸ್ಪರ್ಧೆಗೆ ಹೊಸಬ. ನನ್ನ ಹೀರೋ ಸೋನಿಕ್, ಓಟಕ್ಕೆ ಹೆಸರಾದ ನೀಲಿ ಮುಳ್ಳುಹಂದಿ. ಚಿತ್ರ ಮುಗಿದಿದೆ. ನೀಲಿ ಬದಲು ಕಪ್ಪು ಮೈ, ಮುಳ್ಳಿನ ತುದಿಗೆ ಕೆಂಪು, ಮುಖದಲ್ಲಿ ಸಿಟ್ಟು. ಯಾರನ್ನೂ ನಂಬುವುದಿಲ್ಲ, ಒಬ್ಬನೇ ಇರುತ್ತಾನೆ. ಸೋನಿಕ್‌ಗಿಂತ ವೇಗ. ಹೇಗಿದೆ?

ಹಳೇ ಕಾರ್ಟ್ರಿಜ್:

ಗೆರೆ ಚೆನ್ನಾಗಿದೆ, ಕೈ ಪಳಗಿದೆ. ಆದರೆ ಇದು ಶ್ಯಾಡೋ, ಸೋನಿಕ್‌ನ ಎದುರಾಳಿ. 2001ರ 'ಸೋನಿಕ್ ಅಡ್ವೆಂಚರ್ 2'ರಲ್ಲಿ ಬಂದ. ಆ ಕಥೆಯಲ್ಲಿ ಶ್ಯಾಡೋ ಮಾಡಿದ ಕಳ್ಳತನಕ್ಕೆ ಸೋನಿಕ್‌ನನ್ನು ಹಿಡಿದು ಹಾಕುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ.

ಶ್ಯಾಡೋನಲ್ಲಿ ಬಣ್ಣಕ್ಕಿಂತ ಅವನ ನಡಿಗೆ ಗಮನಿಸಿ. ಸೋನಿಕ್ ಓಡುತ್ತಾನೆ, ಕಾಲು ಚಕ್ರದ ಹಾಗೆ ಸುತ್ತುತ್ತದೆ. ಶ್ಯಾಡೋ ಕಾಲು ಎತ್ತುವುದೇ ಅಪರೂಪ, ಶೂ ಕೆಳಗಿನ ಬೆಂಕಿಯಲ್ಲಿ ಜಾರುತ್ತಾ ಹೋಗುತ್ತಾನೆ. ಒಬ್ಬನಿಗೆ ಓಟ ಸಂತೋಷ, ಇನ್ನೊಬ್ಬನಿಗೆ ಅದು ಕೆಲಸ. ನೀವು ಇಂಥದ್ದೊಂದು ನಿಮ್ಮದೇ ಹುಡುಕಿ.

ಗೆರೆಗಾರ:

ಇನ್ನೂ ಹತ್ತು ದಿನ ಇದೆ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಸೋನಿಕ್‌ನಲ್ಲಿ ನಿಮಗೆ ಅತಿ ಇಷ್ಟವಾದದ್ದು ಏನು? ವೇಗ ಅಂತ ಹೇಳಬೇಡಿ. ವೇಗ ಯಾಕೆ ಬೇಕು ಅವನಿಗೆ?

ನೆರಳುಬೆಳಕು:

ನನ್ನದು ಇಲ್ಲಿದೆ. ಚಿತ್ರ ಎರಡು ಹಾಳೆ. ಹೀರೋ ಲಿಂಕ್, 1998ರ 'ಆಕರೀನಾ ಆಫ್ ಟೈಮ್'ನವನು. ಮುಳುಗಿದ ದೇವಾಲಯದ ಆ ಡಾರ್ಕ್ ಲಿಂಕ್ ಅಲ್ಲ. ಅದು ನನಗೂ ಇಷ್ಟ. ಒಣಮರದ ಹತ್ತಿರ ಹೋಗಿ ತಿರುಗಿ ಬಂದರೆ ನೀರಿನಲ್ಲಿ ನಿಮ್ಮ ಪ್ರತಿಬಿಂಬ ಇರುವುದಿಲ್ಲ, ಅದು ಎದ್ದು ಎದುರಿಗೆ ನಿಂತಿರುತ್ತದೆ. ನೀವು ತಿವಿದರೆ ನಿಮ್ಮ ಕತ್ತಿಯ ಮೇಲೇ ಹತ್ತಿ ನಿಲ್ಲುತ್ತದೆ. ಆದರೆ ಅದು ನಿಮ್ಮನ್ನು ಅನುಕರಿಸುತ್ತದೆ, ಅದಕ್ಕೆ ತನ್ನದೇ ಅಂತ ಏನೂ ಬೇಕಾಗಿಲ್ಲ.

ನಾನು ಹಿಡಿದದ್ದು ಕತ್ತಿಯನ್ನು. ಆ ಆಟದಲ್ಲಿ ಮಾಸ್ಟರ್ ಸೋರ್ಡ್ ಕಲ್ಲಿನಿಂದ ಕಿತ್ತರೆ ಲಿಂಕ್ ಏಳು ವರ್ಷ ನಿದ್ದೆ ಹೋಗುತ್ತಾನೆ, ಏಳುವಾಗ ದೊಡ್ಡವನು. ಮತ್ತೆ ಅದೇ ಕಲ್ಲಿಗೆ ಕತ್ತಿ ಇಟ್ಟರೆ ವಾಪಸ್ ಹುಡುಗ. ನನ್ನ ಉಲ್ಟಾ ಲಿಂಕ್ ಕತ್ತಿಯನ್ನು ವಾಪಸ್ ಇಡುವುದೇ ಇಲ್ಲ. ಅವನ ಗುಣ ಧೈರ್ಯ, ಅದು ಹಾಗೇ ಇದೆ. ಯಾವ ರಾಕ್ಷಸನಿಗೂ ಹೆದರುವುದಿಲ್ಲ. ಇನ್ನೊಬ್ಬ ರಾಕ್ಷಸ ಯಾವಾಗ ಬೇಕಾದರೂ ಬರಬಹುದು, ಕಾಯುವವನು ನಾನೊಬ್ಬನೇ, ಹಾಗಾಗಿ ಯುದ್ಧ ಮುಗಿಯಿತು ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಹಾಡುವವರನ್ನು, ಆಡುವ ಮಕ್ಕಳನ್ನು, ಹಬ್ಬ ಮಾಡುವವರನ್ನು ನಿಲ್ಲಿಸುತ್ತಾನೆ, ಎಚ್ಚರ ತಪ್ಪುತ್ತಾರೆ ಅಂತ. ಕತ್ತಿ ವಾಪಸ್ ಹೋಗದೆ ಅವನ ಬಾಲ್ಯವೂ ವಾಪಸ್ ಬಂದಿಲ್ಲ.

ನೆರಳಿನ ಆಕಾರ: ಅದೇ ಚೂಪು ಟೋಪಿ. ಆದರೆ ಬೆನ್ನಲ್ಲಿ ಒರೆ ಇಲ್ಲ, ಗುರಾಣಿಯೂ ಇಲ್ಲ. ಬೆನ್ನು ಬರಿದು, ಬಲಕ್ಕೆ ಒಂದಿಷ್ಟು ಬಾಗಿದೆ. ಎಡಗೈ ಉದ್ದ ಕಾಣುತ್ತದೆ, ಯಾಕೆಂದರೆ ಕತ್ತಿ ಅದರಿಂದ ಬಿಡುವುದೇ ಇಲ್ಲ. ಹಿಡಿ ಜಾರದ ಹಾಗೆ ಬಟ್ಟೆ ಸುತ್ತಿದೆ, ಬಟ್ಟೆಯ ಮೇಲೆ ಬಟ್ಟೆ, ಒಳಗಿನ ಸುತ್ತು ಹಸಿರು, ಹೊರಗಿನದು ಕಂದು. ಅಂಗಿ ಹೊಸದಲ್ಲ. ಹುಡುಗನಾಗಿದ್ದಾಗಿನ ಅಂಗಿಯನ್ನೇ ಕಂಕುಳ ಹತ್ತಿರ ಬಿಚ್ಚಿ ತುಂಡು ಸೇರಿಸಿ ಹೊಲಿದಿದ್ದಾನೆ. ಹೊಲಿಗೆ ಒಂದೇ ಕೈಯದ್ದು, ಹಾಗಾಗಿ ಸೊಟ್ಟ.

ಬಟನ್: ಕತ್ತಿ ಒರೆಗೆ ಹಾಕುವ ಬಟನ್ ಒತ್ತಿದರೆ ಕೈ ನಡುಗುತ್ತದೆ, ಕತ್ತಿ ಒಳಗೆ ಹೋಗುವುದಿಲ್ಲ. ಕೈ ಖಾಲಿ ಇಲ್ಲದ್ದರಿಂದ ಆಕರೀನಾ ಅನ್ನುವ ಊದುವ ವಾದ್ಯ ನುಡಿಸಲು ಆಗುವುದಿಲ್ಲ. ಆಟ ಪೂರ್ತಿ ಒಂದು ಹಾಡೂ ಇಲ್ಲ.

ಲಿಂಕ್ ಮಾತಾಡುವುದಿಲ್ಲವಲ್ಲ, ಅದಕ್ಕೆ ಮೂರು ಸಾಲು ಅವನ ಜೊತೆಗಿರುವ ಪುಟ್ಟ ಯಕ್ಷಿಣಿ ನಾವಿ ಹೇಳುತ್ತಾಳೆ: 'ಅವನು ಮಲಗಿ ಎಷ್ಟು ದಿನವಾಯಿತೋ. ಎಲ್ಲರೂ ಚೆನ್ನಾಗಿರಲಿ ಅಂತಲೇ ಕಾಯುತ್ತಿದ್ದಾನೆ. ಯಾರೂ ಬರುತ್ತಿಲ್ಲ ಅಂತ ನಾನು ಹೇಳಿದರೆ, ಅದಕ್ಕೇ ಹೆದರಿಕೆ ಅನ್ನುತ್ತಾನೆ.'

ಕಂಟ್ರೋಲರ್ ಕೈ:

ಒತ್ತಿದರೆ ನಡುಗುವ ಕೈ. ಆಕರೀನಾ ಇಲ್ಲದ ಆಕರೀನಾ ಆಟ. ನನಗೆ ಮಾತು ಹೊರಡುತ್ತಿಲ್ಲ. ಇದನ್ನು ಆಡಬೇಕು ಅನಿಸುತ್ತಿದೆ.

ಗೆರೆಗಾರ:

ಹೊಲಿಗೆಯ ವಿವರಕ್ಕೆ ನನ್ನ ಮತ. ಒಂದು ಸಲಹೆ: ಎರಡನೇ ಹಾಳೆಯಲ್ಲಿ ಕತ್ತಿ ತುಂಬಾ ಹೊಳೆಯುತ್ತಿದೆ. ಇಷ್ಟು ದಿನ ಒರೆ ಕಾಣದ ಕತ್ತಿಗೆ ಮಳೆ ಬಿಸಿಲು ಬಿದ್ದಿರಬೇಕಲ್ವಾ? ಆದರೆ ಅದು ಮಂತ್ರದ ಕತ್ತಿ, ತುಕ್ಕು ಹಿಡಿಯುವುದಿಲ್ಲ. ಹಾಗಿದ್ದರೆ ಹೊಳಪು ಕತ್ತಿಯಲ್ಲಿ ಮಾತ್ರ ಇರಲಿ, ಉಳಿದದ್ದೆಲ್ಲ ಮಾಸಲಿ. ಈಗ ಮುಖವೂ ಕತ್ತಿಯಷ್ಟೇ ಹೊಳೆಯುತ್ತಿದೆ.

ಕಥೆಪೆಟ್ಟಿಗೆ:

ನನ್ನದು ಚಿಕ್ಕದು. ಕರ್ಬಿ. ಚಿತ್ರದಲ್ಲಿ ಏನೂ ಬದಲಾಯಿಸಿಲ್ಲ, ಅದೇ ಗುಂಡಗಿನ ಗುಲಾಬಿ ಉಂಡೆ. 1993ರ 'ಕರ್ಬೀಸ್ ಅಡ್ವೆಂಚರ್'ನಿಂದ ಅವನು ನುಂಗಿದವರ ಶಕ್ತಿ ಪಡೆಯುತ್ತಾನೆ. ಪೆಟ್ಟು ಬಿದ್ದರೆ ಆ ಶಕ್ತಿ ನಕ್ಷತ್ರವಾಗಿ ಹೊರಗೆ ಬಂದು ಪುಟಿಯುತ್ತದೆ. ನನ್ನ ಕರ್ಬಿಯಲ್ಲಿ ನಕ್ಷತ್ರ ಹೊರಗೆ ಬರುವುದಿಲ್ಲ. ಅವನ ಗುಣ ಸ್ನೇಹ. ಎಲ್ಲರೂ ಜೊತೆಗಿರಬೇಕು, ಯಾರೂ ಬಿಟ್ಟು ಹೋಗಬಾರದು. ಹಾಗಾಗಿ ಒಳಗೇ ಇಟ್ಟುಕೊಳ್ಳುತ್ತಾನೆ. 'ಇಲ್ಲಿ ಬೆಚ್ಚಗಿದೆ. ಇಲ್ಲಿ ಎಲ್ಲರೂ ಇದ್ದಾರೆ. ನೀನೂ ಬಾ.'

ನೆರಳಿನ ಆಕಾರಕ್ಕೆ: ಆಟ ಮುಂದೆ ಹೋದ ಹಾಗೆ ಅವನ ನೆರಳಿಗೆ ಮಾತ್ರ ಬೇರೆ ಬೇರೆ ಕೈಕಾಲು, ಟೋಪಿ, ಕಿವಿ ಸೇರುತ್ತಾ ಹೋಗುತ್ತವೆ. ಮೈ ಹಾಗೇ ಗುಂಡಗೆ.

ಮೊದಲ ಸಲ:

ಇದು ಓದಿ ನಿಜವಾಗಿ ಭಯವಾಯಿತು. ಇಷ್ಟು ಚಿಕ್ಕದರಲ್ಲಿ!

ಹಳೇ ಕಾರ್ಟ್ರಿಜ್:

ಒಂದು ತಕರಾರು ಹೇಳಬೇಕು. ನಾವು ಕೆಂಪು ಕಣ್ಣನ್ನು ಜಾಸ್ತಿ ಬೈಯುತ್ತಿದ್ದೇವೆ. 1996ರಲ್ಲಿ 'ಸ್ಟ್ರೀಟ್ ಫೈಟರ್' ಆಟದಲ್ಲಿ ಬಂದ ಈವಿಲ್ ರ‍್ಯೂ ಕೆಂಪು ಕಣ್ಣಿನವನೇ. ಹೊಡೆದಾಟದ ಆಟದಲ್ಲಿ ಕ್ಷಣದಲ್ಲಿ ಗುರುತು ಸಿಗಬೇಕು, ಎದುರಿಗಿರುವುದು ಮಾಮೂಲಿ ರ‍್ಯೂ ಅಲ್ಲ ಅಂತ. 2009ರ 'ಇನ್‌ಫೇಮಸ್'ನಲ್ಲಿ ಹೀರೋ ಕೋಲ್ ಒಳ್ಳೆಯವನಾದರೆ ಮಿಂಚು ನೀಲಿ, ಕೆಟ್ಟವನಾದರೆ ಕೆಂಪು. 'ಫೇಬಲ್'ನಲ್ಲಿ ಕೆಟ್ಟ ಕೆಲಸ ಮಾಡಿದರೆ ಕೊಂಬು ಬರುತ್ತದೆ. ಆಡುವವನಿಗೆ ತನ್ನ ಆಯ್ಕೆ ಮೈಮೇಲೆ ಕಾಣಬೇಕು ಅನ್ನುವುದು ತಪ್ಪೇನಲ್ಲ.

ಕಂಟ್ರೋಲರ್ ಕೈ:

ಗುರುತಿಗೆ ಬಣ್ಣ ಬೇಕು, ಒಪ್ಪಿದೆ. ಆದರೆ ನಾನು ಇನ್‌ಫೇಮಸ್ ಆಡಿದಾಗ ಏನಾಯಿತು ಗೊತ್ತಾ? ಮೊದಲೇ ನೀಲಿ ಬೇಕೋ ಕೆಂಪು ಬೇಕೋ ಅಂತ ತೀರ್ಮಾನ ಮಾಡಿಕೊಂಡೆ, ಆಮೇಲೆ ಪ್ರತಿ ಸಲ ಆ ಬಣ್ಣದ ಬಟನ್ ಒತ್ತಿದೆ. ಯೋಚಿಸಲೇ ಇಲ್ಲ. 2010ರ 'ಮಾಸ್ ಎಫೆಕ್ಟ್ 2'ರಲ್ಲಿ ಹೀರೋ ಶೆಪರ್ಡ್ ಕಠೋರವಾದ ಹಾಗೆ ಮುಖದ ಗಾಯ ಬಿರಿದು ಒಳಗೆ ಕೆಂಪಗೆ ಉರಿಯುತ್ತದೆ. ಅದು ಚೆನ್ನಾಗಿತ್ತು. ಆದರೆ ಆಟದೊಳಗೇ ಚಿಕಿತ್ಸೆ ಮಾಡಿಸಿ ಗಾಯ ಮುಚ್ಚಿಸಬಹುದು, ಸ್ವಭಾವ ಹಾಗೇ ಇರುತ್ತದೆ. ಮುಚ್ಚಿಸಿಕೊಂಡ ಆ ಮುಖ ನನಗೆ ಉರಿಯುವ ಮುಖಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸಿತು.

ಹಳೇ ಕಾರ್ಟ್ರಿಜ್:

ನಾನು ಇನ್ನೂ ಕೊಂಬಿನ ಪರ. ಮಕ್ಕಳೂ ಆಡುತ್ತಾರೆ, ಅವರಿಗೂ ಕಾಣಬೇಕು.

ನೆರಳುಬೆಳಕು:

ಬೇರೆ ಒಂದು ವಿಷಯ. ಬೇಡೆಲಿನ್ ಥರದವಳು ಈ ಸ್ಪರ್ಧೆಗೆ ಸೇರುತ್ತಾಳಾ? 2018ರ 'ಸೆಲೆಸ್ಟ್' ಆಡಿದವರು ಹೇಳಿ. ಮ್ಯಾಡೆಲಿನ್ ಬೆಟ್ಟ ಹತ್ತಲು ಹೋಗುತ್ತಾಳೆ, ಕನ್ನಡಿಯಿಂದ ಅವಳದೇ ಇನ್ನೊಂದು ರೂಪ, ಅಂದರೆ ಬೇಡೆಲಿನ್, ಹೊರಬಂದು ಬೆನ್ನಟ್ಟುತ್ತದೆ. ನೇರಳೆ ಕೂದಲು, ಕೆಂಪು ಕಣ್ಣು, ಎಲ್ಲ ಇದೆ. ಆದರೆ ಅವಳು ಕೆಟ್ಟವಳಲ್ಲ. ಹೆದರಿದವಳು. 'ನಿನ್ನಿಂದ ಆಗುವುದಿಲ್ಲ, ಬಿದ್ದು ಸಾಯುತ್ತೀಯ' ಅನ್ನುವ ಒಳಗಿನ ದನಿ. ಮ್ಯಾಡೆಲಿನ್ ಅವಳ ಜೊತೆ ರಾಜಿಯಾದ ಮೇಲೆ ಗಾಳಿಯಲ್ಲಿ ಒಂದು ಸಲ ಅಲ್ಲ, ಎರಡು ಸಲ ಚಿಮ್ಮಬಹುದು. ಇದೂ ಆ ಪರ್ಷಿಯಾದ ನೆರಳಿನ ಹಾಗೇ, ಅಲ್ವಾ? ಗೆದ್ದರೆ ಅಲ್ಲ, ಸೇರಿದರೆ ದಾರಿ.

ಗೆರೆಗಾರ:

ಸೇರುತ್ತಾಳೆ. ಗೆಲ್ಲುವ ಬದಲು ಸೇರುವುದು ಅನ್ನುವುದು ನಿಜಕ್ಕೂ ಒಳ್ಳೆಯ ಕಿಟಕಿ ತೆರೆಯಿತು. ಹಾಗಿದ್ದರೆ ಐದನೆಯದೊಂದು ಸೇರಿಸುತ್ತೇನೆ, ಇದು ಕಡ್ಡಾಯ ಅಲ್ಲ: ನಿಮ್ಮ ಉಲ್ಟಾ ಹೀರೋಗೆ ವಾಪಸ್ ಬರುವ ದಾರಿ ಇದೆಯಾ? ಇದ್ದರೆ ಆಡುವವನು ಅದಕ್ಕೆ ಏನು ಮಾಡಬೇಕು? ಇಲ್ಲದಿದ್ದರೂ ಸರಿ, ಆರ್ಥಸ್‌ಗೆ ಇರಲಿಲ್ಲ.

ಇನ್ನೊಂದು, ಕೆಲವರು ಕೇಳಿದ್ದಾರೆ. ಚಿತ್ರಗಳು ನಿಮ್ಮವೇ, ನಿಮ್ಮ ಹೆಸರಿನಲ್ಲೇ ಇರುತ್ತವೆ. ಹಿಂದೆ ನಾನೇ ಒಂದು ಕಡೆ ಸ್ಪರ್ಧೆಗೆ ಕಳಿಸಿದ ಚಿತ್ರ ಮುಂದೆ ಬೇರೆ ಎಲ್ಲೋ ನನ್ನ ಹೆಸರಿಲ್ಲದೆ ಕಾಣಿಸಿಕೊಂಡಿತು. ಷರತ್ತಿನ ಕೊನೆಯ ಸಾಲಿನಲ್ಲಿ 'ಕಳಿಸಿದ್ದೆಲ್ಲ ನಮ್ಮದು' ಅಂತ ಬರೆದಿದ್ದರು, ನಾನು ಓದಿರಲಿಲ್ಲ. ಆ ನೋವು ಇಲ್ಲಿ ಯಾರಿಗೂ ಆಗಬಾರದು. ಆದರೆ ಹೀರೋಗಳು ಅವುಗಳನ್ನು ಮಾಡಿದ ಕಂಪನಿಗಳವು, ಹಾಗಾಗಿ ಯಾರೂ ಇವನ್ನು ಮಾರಲು ಹೋಗಬೇಡಿ.

ನೆರಳುಬೆಳಕು:

ಹಾಗಾದರೆ ನನ್ನ ಲಿಂಕ್‌ಗೆ ದಾರಿ ಇದು: ನಾವಿ ಹಾಡು ಶುರು ಮಾಡುತ್ತಾಳೆ. ಆಡುವವನು ಏನೂ ಒತ್ತಬಾರದು. ಹಾಡು ಮುಗಿಯುವ ತನಕ ಕೈ ಕಂಟ್ರೋಲರ್‌ನಿಂದ ದೂರ ಇಟ್ಟರೆ, ಬೆರಳು ಒಂದೊಂದಾಗಿ ಸಡಿಲ ಆಗುತ್ತವೆ. ಮುಖದ ಹೊಳಪೂ ತೆಗೆದಿದ್ದೇನೆ, ಗೆರೆಗಾರರೇ, ನೀವು ಹೇಳಿದ್ದು ಸರಿ ಇತ್ತು.

ಮೊದಲ ಸಲ:

ಎಂಟು ದಿನ ಕೂತು ಮತ್ತೆ ಮೊದಲಿನಿಂದ ಬರೆದೆ. ಹಳೆಯದನ್ನು ಪೂರ್ತಿ ಬಿಟ್ಟೆ.

ವೇಗ ಯಾಕೆ ಬೇಕು ಅಂತ ಕೇಳಿದಿರಲ್ಲ, ಅದಕ್ಕೆ 1991ರ ಮೊದಲ ಆಟ ಮತ್ತೆ ಆಡಿದೆ. ಅದರಲ್ಲಿ ಸೋನಿಕ್ ಯಂತ್ರಗಳನ್ನು ಒಡೆದಾಗ ಒಳಗಿಂದ ಪುಟ್ಟ ಪ್ರಾಣಿಗಳು ಹೊರಬಂದು ಕುಪ್ಪಳಿಸಿ ಓಡುತ್ತವೆ. ಪ್ರತಿ ಸಲ. ಚಿಕ್ಕಂದಿನಲ್ಲಿ ಅದನ್ನು ಗಮನಿಸಿದ್ದೇ ಇಲ್ಲ, ಅಷ್ಟು ವೇಗವಾಗಿ ಮುಂದೆ ಹೋಗುತ್ತಿದ್ದೆ. ಆಗ ತಿಳಿಯಿತು, ಅವನಿಗೆ ಬೇಕಾದದ್ದು ವೇಗ ಅಲ್ಲ, ಬಿಡುಗಡೆ. ಯಾರೂ ಎಲ್ಲೂ ಸಿಕ್ಕಿಹಾಕಿಕೊಂಡಿರಬಾರದು. ಆ ಗುಣವನ್ನೇ ಇಟ್ಟುಕೊಂಡೆ.

ನನ್ನ ಉಲ್ಟಾ ಸೋನಿಕ್‌ಗೆ ನಿಂತಿರುವುದೆಲ್ಲ ಸೆರೆಯೇ. ಬೋನು ಒಡೆದ, ಸರಿ. ಆಮೇಲೆ ಬೇಲಿ ಒಡೆದ. ಆಮೇಲೆ ಬಾಗಿಲು. ಆಮೇಲೆ ಗೋಡೆ, ಸೇತುವೆ, ಗೂಡು. ಹಕ್ಕಿ ಮೊಟ್ಟೆಯ ಮೇಲೆ ಕೂತಿದ್ದರೆ ಅದನ್ನೂ ಎಬ್ಬಿಸುತ್ತಾನೆ. ಅವನು ಬಿಡಿಸಿದ ಪ್ರಾಣಿಗಳೇ ಈಗ ಅವನನ್ನು ಕಂಡರೆ ಓಡುತ್ತವೆ. ಅವು ಓಡುವುದನ್ನು ನೋಡಿ ಅವನಿಗೆ ನಿಜವಾಗಿ ಖುಷಿ, ನಾನು ಬಿಡುಗಡೆ ಕೊಟ್ಟೆ ಅಂತ.

ಬಣ್ಣ ನೀಲಿಯೇ. ನೆರಳಿನ ಆಕಾರದಲ್ಲಿ ಮುಳ್ಳುಗಳೆಲ್ಲ ಹಿಂದಕ್ಕೆ ಚಪ್ಪಟೆಯಾಗಿವೆ, ನಿಂತಿರುವಾಗಲೂ, ಯಾವಾಗಲೂ ಗಾಳಿ ಹೊಡೆಯುತ್ತಿರುವ ಹಾಗೆ. ಹಿಮ್ಮಡಿ ನೆಲ ಮುಟ್ಟುವುದಿಲ್ಲ.

ಬಟನ್: ಮೊದಲ ಆಟದಲ್ಲಿ ನೀವು ಸುಮ್ಮನಿದ್ದರೆ ಸೋನಿಕ್ ನಿಮ್ಮ ಕಡೆ ನೋಡಿ ಕಾಲು ತಟ್ಟುತ್ತಾನೆ. 1993ರ 'ಸೋನಿಕ್ ಸಿಡಿ'ಯಲ್ಲಿ ಮೂರು ನಿಮಿಷ ಕಾಯಿಸಿದರೆ ಪರದೆಯಿಂದ ಹಾರಿ ಹೊರಟೇಹೋಗುತ್ತಾನೆ, ಆಟ ಮುಗಿಯಿತು. ನನ್ನ ಸೋನಿಕ್ ಕಾಲು ತಟ್ಟುವಾಗ ಅವನ ಕೆಳಗಿನ ನೆಲ ಬಿರುಕು ಬಿಡುತ್ತದೆ. ನೀವು ಎಷ್ಟು ಹೊತ್ತು ನಿಲ್ಲುತ್ತೀರೋ ಅಷ್ಟು ಊರು ಒಡೆಯುತ್ತದೆ. ಓಡಿದರೂ ಒಡೆಯುತ್ತದೆ, ನಿಂತರೂ ಒಡೆಯುತ್ತದೆ.

ಮೂರು ಸಾಲು: 'ಬಾಗಿಲು ಇದ್ದರೆ ತಾನೇ ಮುಚ್ಚುವುದು? ನಾನು ಯಾರನ್ನೂ ಕಟ್ಟಿಹಾಕಿಲ್ಲ. ಓಡಿ, ಹಿಂದೆ ನೋಡಬೇಡಿ, ಅಲ್ಲಿ ಈಗ ಏನೂ ಇಲ್ಲ.'

ವಾಪಸ್ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಹಳೇ ಕಾರ್ಟ್ರಿಜ್:

ಎಂಟು ದಿನದ ಹಿಂದೆ ಇವರಿಗೆ ಇದು ಶ್ಯಾಡೋ ಅಂದಿದ್ದೆ. ಇವತ್ತು ನನ್ನ ಮತ ಇವರಿಗೆ. ಮೊಟ್ಟೆಯ ಮೇಲೆ ಕೂತ ಹಕ್ಕಿಯ ಆ ಚಿಕ್ಕ ಚಿತ್ರ, ಮೂಲೆಯಲ್ಲಿ ಬರೆದಿದ್ದೀರಲ್ಲ, ರೆಕ್ಕೆ ಅರ್ಧ ಎತ್ತಿ ಹೋಗಲೋ ಬೇಡವೋ ಅಂತ ನಿಂತದ್ದು, ಅದನ್ನು ದೊಡ್ಡದಾಗಿ ಇನ್ನೊಂದು ಹಾಳೆಯಲ್ಲಿ ಬರೆಯಿರಿ, ದಯವಿಟ್ಟು.

ಕಂಟ್ರೋಲರ್ ಕೈ:

ದಾರಿ ಆ ಹಕ್ಕಿಯ ಹತ್ತಿರವೇ ಇದೆ ಅನಿಸುತ್ತದೆ. ಅದು ಏಳದಿದ್ದರೆ?

ಮೊದಲ ಸಲ:

ಓ. ಅದು ಏಳದಿದ್ದರೆ ಅವನು ಅಲ್ಲಿ ನಿಲ್ಲಬೇಕಾಗುತ್ತದೆ. ಇದನ್ನು ಯೋಚಿಸುತ್ತೇನೆ.

ಗೆರೆಗಾರ:

ತುಂಬಾ ಸಂತೋಷವಾಯಿತು. ನಾಡಿದ್ದು ರಾತ್ರಿ ಮತ ಹಾಕುವುದು ಶುರು ಮಾಡೋಣ, ಅಷ್ಟರಲ್ಲಿ ಬದಲಾವಣೆ ಇದ್ದರೆ ಸೇರಿಸಿ. ಒಂದೇ ಚಿಕ್ಕ ವಿಷಯ: ಬಲಗಾಲಿನ ಶೂಗೆ ಬಂಗಾರದ ಬಕಲ್ ಬಿಟ್ಟುಹೋಗಿದೆ. ಎಡಗಾಲಿಗೆ ಇದೆ.

ಮೊದಲ ಸಲ:

ಬಿಟ್ಟುಹೋದದ್ದಲ್ಲ, ಬೇಕಂತಲೇ ಬರೆದಿಲ್ಲ. ಓಡುವಾಗ ಎಲ್ಲೋ ಕಿತ್ತುಬಿದ್ದಿದೆ. ಹಾಕಿಕೊಳ್ಳಲು ಅವನು ನಿಂತಿಲ್ಲ.